ಗಡಿಯ ಚಿತ್ರಹಲಗೆ

ಕುದುರೆಗಳು!

ಸದ್ದು ಮೊದಲು ಕೇಳಿಸಿದ್ದು ನನಗೇ. ಮಂಜಿನ ಆ ಕಡೆಯಿಂದ... ವಾಲೆನ್‌ರೀಡ್ ದೊರೆಯ ಸವಾರರು.

ಸರಿಯಾಗಿ ಅದೇ ಗಳಿಗೆಗೆ ಕಡಾಣಿ ಮುರಿದು ನಮ್ಮ ಗಾಡಿಯ ಚಕ್ರ ಕಳಚಿತು.

ನೀವು ನನ್ನ ಮುಖ ಬರೆದುಕೊಳ್ಳುತ್ತಿರಿ, ಅಚ್ಚಿನ ಯಜಮಾನರೇ. ನಾನು ಹೇಳುತ್ತಾ ಹೋಗುತ್ತೇನೆ.

ಗಾಡಿಯೊಳಗೆ ನನ್ನ ಗಂಡ ಬಾಲ್ತಸ್ ಕಾಲು ಮುರಿದುಕೊಂಡು ಮಲಗಿದ್ದ. ಅವನ ಬೆನ್ನ ಮೇಲೆ ವಾಲೆನ್‌ರೀಡ್‌ನವರು ಹೋದ ವರ್ಷ ಎಳೆದ ಬರೆ. ಅದರ ಅರ್ಥ ನಮ್ಮ ಮಕ್ಕಳಿಗೂ ಗೊತ್ತು. ಜಿಪ್ಸಿ ಗಂಡಸು ಆ ಸೀಮೆಯಲ್ಲಿ ಒಮ್ಮೆ ಸಿಕ್ಕಿಬಿದ್ದರೆ ಬರೆ. ಎರಡನೇ ಸಲ ಹಗ್ಗ. ವಿಚಾರಣೆ ಗಿಚಾರಣೆ ಇಲ್ಲ... ಹತ್ತಿರದ ಮರ ಸಾಕು!

"ರೋಸೀನಾ, ಕುದುರೆ ಬಿಚ್ಚಿಕೊಂಡು ಓಡೇ!"

"ಬಾಯಿ ಮುಚ್ಕೊಂಡು ಮಲ್ಕೋ."

"ವಿಧವೆ ಆದ್ರೂ ಜೀವ ಉಳಿಯುತ್ತೆ ಕಣೇ."

"ನಿನ್ನ ಪಿಟೀಲು ಬಾರಿಸೋಕೆ ನಂಗೆ ಬರಲ್ಲ. ವಿಧವೆಗೆ ಅನ್ನ ಯಾರು ಹಾಕ್ತಾರೆ, ನಿಮ್ಮಪ್ಪನಾ?"

ನಮ್ಮ ಗುಂಪಿಗೆ ದಾರಿ ಬಿಡಿಸಿಕೊಡುವುದೇ ನನ್ನ ಕೆಲಸ. ಕಾವಲುಗಾರನಿಗೆ ಹೆಂಡ, ಪಾದ್ರಿಗೆ ಕೋಳಿ, ದಫೇದಾರನಿಗೆ ಸುಳ್ಳು... ಯಾರಿಗೆ ಯಾವುದು ಒಗ್ಗುತ್ತದೆ ಅಂತ ನನಗೆ ಗೊತ್ತು.

ಹಿಂದೆ ಒಂದು ಹಳ್ಳ ದಾಟಿ ಬಂದಿದ್ದೆವು, ಮುಂದೆ ಇನ್ನೊಂದು. ಅದನ್ನು ದಾಟಿದರೆ ಹೋಹೆನಾಸ್ಟ್ ದೊರೆಯ ಸೀಮೆ. ಅಲ್ಲಿ ಬಾಲ್ತಸ್ ಸಿಕ್ಕಿಬಿದ್ದರೂ ಅದು ಮೊದಲ ಸಲ. ಬರೀ ಚಾಟಿ! ನಮ್ಮ ಪಾಲಿಗೆ ಅದೇ ಸ್ವರ್ಗ.

ಆಚೆ ದಡದಲ್ಲಿ ಆ ದೊರೆಯ ಹಲಗೆ ನಿಂತಿತ್ತು. ನಿಮ್ಮಂಥವರೇ ಯಾರೋ ಕೆತ್ತಿ ಅಚ್ಚು ಹಾಕಿದ ಹಾಳೆ. ಹಲಗೆಗೆ ಅಂಟಿಸಿ, ಬಣ್ಣ ತುಂಬಿ, ಮಳೆಗೆ ಕೆಡದ ಹಾಗೆ ಎಣ್ಣೆ ಸವರಿದ್ದರು. ನಮಗೆ ಓದು ಬಾರದಲ್ಲ, ಅದಕ್ಕೇ ಚಿತ್ರ. ಕಂಬಕ್ಕೆ ಕಟ್ಟಿದ ಜಿಪ್ಸಿ ಹೆಂಗಸು, ಅವಳ ಬೆನ್ನಿಗೆ ಚಾಟಿ. ಪಕ್ಕದಲ್ಲಿ ಎರಡನೇ ಸಲ ಸಿಕ್ಕವರಿಗೆ ನೇಣುಗಂಬ, ಅದರಲ್ಲಿ ತೂಗುವ ಗಂಡಸು. ಮೇಲೆ ಹೋಹೆನಾಸ್ಟ್‌ನ ಮುದ್ರೆ, ಒಂದು ಕಪ್ಪು ಹಂದಿ.

ಹಂದಿ ಕಂಡಲ್ಲಿಂದ ಅವನ ನೆಲ. ನಮಗೂ ಅಷ್ಟೇ, ಸವಾರರಿಗೂ ಅಷ್ಟೇ! ಹೋದ ಬೇಸಿಗೆಯಲ್ಲಿ ವಾಲೆನ್‌ರೀಡ್‌ನ ದಫೇದಾರನೊಬ್ಬ ನಮ್ಮವರನ್ನು ಅಟ್ಟಿಸಿಕೊಂಡು ಆ ಹಂದಿ ದಾಟಿಬಿಟ್ಟಿದ್ದ. ಅವನಿನ್ನೂ ಹೋಹೆನಾಸ್ಟ್‌ನ ನೆಲಮಾಳಿಗೆಯ ಸೆರೆಯಲ್ಲೇ ಇದ್ದಾನೆ.

ಗಾಡಿಯನ್ನು ಗಡಿಗೆ ಒಯ್ಯುವಂತಿರಲಿಲ್ಲ. ಸರಿ...

ಗಡಿಯನ್ನೇ ತಂದೆ!

ಮೊಳಕಾಲುದ್ದ ನೀರಿಗೆ ಇಳಿದೆ. ಕಂಬವನ್ನು ತಬ್ಬಿ ಅಲುಗಿಸಿದೆ. ಒದ್ದೆ ನೆಲ ಗೊಣಗಿಕೊಂಡು ಬಿಟ್ಟುಕೊಟ್ಟಿತು. ಹೆಗಲಿಗೇರಿಸಿ ವಾಪಸ್ ಓಡಿದೆ. ಗಾಡಿಯ ಹಿಂದೆ, ದಾರಿಯ ಮಗ್ಗುಲಲ್ಲಿ ಕೊಡಲಿಯಿಂದ ಗುಂಡಿ ಕೆದಕಿ, ನೆಟ್ಟು, ತುಳಿದೆ.

ಹಸಿ ಮಣ್ಣು ಕಣ್ಣಿಗೆ ಹೊಡೆಯುತ್ತಿತ್ತು!

ಅದರ ಮೇಲೇ ಕುಕ್ಕರಿಸಿದೆ. ಲಂಗ ಅಗಲಕ್ಕೆ ಹರಡಿದೆ. ಕಂಬಕ್ಕೆ ಒರಗಿ ಚಿಲುಮೆ ಬಾಯಿಗಿಟ್ಟೆ. ಬೆಂಕಿಯೇ ಇರಲಿಲ್ಲ ಅದರಲ್ಲಿ.

ಮಂಜಿನೊಳಗಿಂದ ಕುದುರೆಯ ಮೂತಿ ಹೊರಬಂತು. ದಪ್ಪ ಮೀಸೆಯ ದಫೇದಾರ ಹಲಗೆ ನೋಡಿ ಲಗಾಮು ಜಗ್ಗಿದ.

"ದಫೇದಾರ್ರೇ," ಹಿಂದಿನ ಸವಾರನೊಬ್ಬ ಅಂದ. "ಈ ಹಂದಿ ಹಳ್ಳದಾಚೆ ಇರ್ಲಿಲ್ವಾ?"

ನಾನು ಚಿಲುಮೆ ಬಾಯಿಂದ ತೆಗೆದೆ.

"ಹಳ್ಳ ದಾಟೇ ಬಂದಿದ್ದೀಯಲ್ಲಪ್ಪಾ," ಅಂದೆ. "ಈ ಕಾಡಲ್ಲಿ ಇರೋದು ಒಂದೇ ಹಳ್ಳನಾ?"

ದಫೇದಾರನ ಕಣ್ಣು ನನ್ನ ಲಂಗಕ್ಕೆ ಇಳಿಯಿತು. ನೀರು ತೊಟ್ಟಿಕ್ಕುತ್ತಿತ್ತು.

"ಲಂಗ ಯಾಕೆ ಒದ್ದೆ?"

"ನಿಮ್ಮ ಮೀಸೆ ನೋಡಿ ಆಗೋಯ್ತು ಸ್ವಾಮೀ!"

ಸವಾರರು ಗೊಳ್ಳೆಂದು ನಕ್ಕರು. ದಫೇದಾರ ನಗಲಿಲ್ಲ.

"ಏಳು ಮೇಲೆ."

ಎದ್ದರೆ ಮುಗಿಯಿತು... ಮಣ್ಣು ಕಾಣುತ್ತದೆ, ಮರ ಹುಡುಕುತ್ತಾರೆ.

"ಏಳಲ್ಲ. ಕೈಹಿಡಿದು ಎಬ್ಬಿಸೋ ಗಂಡಸಾದ್ರೆ ಹಂದಿ ದಾಟಿ ಬನ್ನಿ! ನೆಲಮಾಳಿಗೇಲಿ ನಿಮ್ಮ ಗೆಳೆಯ ಒಬ್ನೇ ಅಂತೆ. ಪಾಪ, ಮಾತಾಡೋಕೆ ಜನ ಬೇಕಂತೆ."

ದಫೇದಾರನ ಕುದುರೆ ಒಂದು ಕಾಲೆತ್ತಿತು.



ಅವನು ಹಂದಿಯನ್ನು ನೋಡಿದ. ನನ್ನನ್ನು ನೋಡಿದ. ಮತ್ತೆ ಹಂದಿಯನ್ನು... ಥೂ ಅಂತ ಉಗಿದ.

"ನಾಳೆ ಈ ಹಂದೀನೇ ನಿಮ್ಮನ್ನ ನೇಣಿಗೆ ಹಾಕುತ್ತೆ ಬಿಡು."

"ಹಾಕ್ಲಿ ಬಿಡಿ. ನಿಮ್ಮ ಹಗ್ಗ ಉಳೀತಲ್ಲ!"

ಕುದುರೆಗಳು ತಿರುಗಿದವು. ಗೊರಸಿನ ಸದ್ದು ಮಂಜಿನಲ್ಲಿ ಅಡಗಿತು. ಆಮೇಲೆ ನಾನು ಎದ್ದು ಕೊಡಲಿ ಹಿಡಿದೆ.

ಸಂಜೆಯೊಳಗೆ ಹೊಸ ಕಡಾಣಿ ಕೆತ್ತಿ, ಚಕ್ರ ಏರಿಸಿ, ಹಳ್ಳ ದಾಟಿದೆವು.

ಹಲಗೆಯನ್ನು ಅದರ ಜಾಗದಲ್ಲಿ ವಾಪಸ್ ನೆಟ್ಟೆನೇ ಅಂತೀರಾ?

ಮುರಿದ ಕಾಲಿಗೆ ಗಟ್ಟಿ ಹಾಸು ಬೇಕು ಸ್ವಾಮೀ. ಗಾಡಿಯ ಪರದೆ ಸರಿಸಿ ನೋಡಿ. ಚಿತ್ರ ಬೇಕಾದರೆ ನನ್ನ ಮುಖ ಬಿಟ್ಟು ಅದನ್ನು ಕೆತ್ತಿ... ನೇಣುಗಂಬದ ಮೇಲೆ ಗೊರಕೆ ಹೊಡೆಯುತ್ತಿದ್ದಾನೆ ನನ್ನ ಗಂಡ!