ಶಂಕುನಾಥನ ಕೋಲು, ದೇವೀರಿಯ ಕೊಸರು

ಬಹಳ ಹಿಂದೆ, ಜನ ತಮ್ಮ ಮೈಯನ್ನೇ ಅಳತೆಗೋಲು ಮಾಡಿಕೊಂಡಿದ್ದ ಕಾಲದಲ್ಲಿ, ಸುರಗಿನಾಡು ಎಂಬ ರಾಜ್ಯವಿತ್ತು. ಅಲ್ಲಿ ಬೆರಳು ಚಾಚಿದರೆ ಗೇಣು, ಮೊಣಕೈ ಚಾಚಿದರೆ ಮೊಳ, ಎರಡು ತೋಳೂ ಚಾಚಿದರೆ ಮಾರು. ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ. ಅದಕ್ಕಿಂತ ಆಚೆ ಹೋಗುವವರಿಗೆ ಹರಿದಾರಿ, ಇನ್ನೂ ಆಚೆಗೆ ಗಾವುದ. ಬಹಳ ಗಾವುದ ಹೋದವರು ಎಷ್ಟು ದೂರ ಹೋದೆವೆಂದು ಬಂದು ಹೇಳಿದ್ದಿಲ್ಲ.

ಆ ನಾಡನ್ನು ಆಳುತ್ತಿದ್ದವನು ವಿರೂಪಸೇನ ಮಹಾರಾಜ. ನ್ಯಾಯವಂತ; ಆದರೆ ತೋಳು ಗಿಡ್ಡ. ಅರಮನೆಗೆ ರೇಷ್ಮೆ ತಂದ ವ್ಯಾಪಾರಿಗಳು "ಮಹಾರಾಜರ ಮೊಳದಲ್ಲೇ ಅಳೆಯೋಣ" ಎಂದು ಭಕ್ತಿಯಿಂದ ಹೇಳುತ್ತಿದ್ದರು. ಆ ಭಕ್ತಿಯ ಫಲವಾಗಿ ರಾಜನ ನಿಲುವಂಗಿಗಳೆಲ್ಲ ಮೊಣಕಾಲಿಗೇ ನಿಂತುಬಿಡುತ್ತಿದ್ದವು.

"ಒಬ್ಬೊಬ್ಬರಿಗೆ ಒಂದೊಂದು ಮೊಳ. ಇದೂ ಒಂದು ಅಳತೆಯೇ?" ಎಂದು ರಾಜ ಬೇಸತ್ತಿದ್ದಾಗ, ಒಂದು ಮಟಮಟ ಮಧ್ಯಾಹ್ನ, ಶಂಕುನಾಥನೆಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ಕೈಯಲ್ಲಿ ಕಪ್ಪು ಕಬ್ಬಿಣದ ಕೋಲು. ಅವನೂ ಆ ಕೋಲೂ ಒಂದೇ ಎತ್ತರ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಅಂಗಳದಲ್ಲಿ ಎಲ್ಲರ ನೆರಳೂ ಕಾಲಬುಡದಲ್ಲಿ ಮುದುಡಿಕೊಂಡಿತ್ತು. ಅವನಿಗೆ ಅಷ್ಟೂ ಇರಲಿಲ್ಲ.

"ಇನ್ನು ಮೇಲೆ ನಾಡಿಗೆಲ್ಲ ಒಂದೇ ಅಳತೆ, ಈ ಕೋಲು" ಎಂದ ಶಂಕುನಾಥ. "ಹರಿದಾರಿಯನ್ನೂ ಮೊಳವನ್ನೂ ಕೋಲಿಗೆ ತಿರುಗಿಸಿ ಕೊಡುತ್ತೇನೆ."

ಮಂತ್ರಿ ಲೆಕ್ಕ ಹಾಕಿ ನೋಡಿದ. "ಸ್ವಾಮಿ, ಯಾವ ಹಳೆಯ ಅಳತೆಯನ್ನು ತಿರುಗಿಸಿದರೂ ಕೋಲಿಗೆ ಸರಿಹೋಗುವುದಿಲ್ಲ. ಇಷ್ಟು ಕೋಲು, ಮತ್ತೆ ಸ್ವಲ್ಪ ಎಂದು ಬರುತ್ತದೆ. ಆ ಸ್ವಲ್ಪವನ್ನು ಏನು ಮಾಡೋಣ?"

"ಮಿಕ್ಕಿದ್ದು ನನ್ನದು. ಬೇರೆ ಸಂಭಾವನೆ ಬೇಡ."

ರಾಜ್ಯಕ್ಕೆ ರಾಜ್ಯವನ್ನೇ ಪುಕ್ಕಟೆಯಾಗಿ ಅಳೆದುಕೊಡುವವನನ್ನು ಕಂಡು ಆಸ್ಥಾನ ಚಪ್ಪಾಳೆ ತಟ್ಟಿತು. ಪುಕ್ಕಟೆ ಎಂದಾಗ ಯೋಚಿಸುವವರು ಆ ಆಸ್ಥಾನದಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಆಸ್ಥಾನದಲ್ಲಿ ಇರುತ್ತಿರಲಿಲ್ಲ.

ಅದೇ ಊರಿನ ಕೋಟೆಬಾಗಿಲಲ್ಲಿ ದೇವೀರಿ ಎಂಬವಳು ಹೂವು ಮಾರುತ್ತಿದ್ದಳು. ಕಟ್ಟಿದ ಮಲ್ಲಿಗೆಯನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಹಿಡಿದು ಮೊಳ ಹಾಕುವಳು. ಕತ್ತರಿಸುವ ಮುಂಚೆ ಇನ್ನೊಂದಿಷ್ಟು ಬಿಡುವಳು. ಅದು ಕೊಸರು. ಕೊಳ್ಳುವವರು ಕೇಳಿದರೂ ಕೊಡುವಳು, ಕೇಳದಿದ್ದರೂ ಕೊಡುವಳು. ಅವಳ ಗಂಡ ಚೆಲುವಯ್ಯ ಕೆರೆಯಾಚೆಯ ತೋಟದಿಂದ ಮೊಗ್ಗು ಬಿಡಿಸಿ ತರುತ್ತಿದ್ದ.

"ನೀನು ಕೊಟ್ಟ ಕೊಸರನ್ನೆಲ್ಲ ಗಂಟು ಹಾಕಿದ್ರೆ ಇನ್ನೊಂದು ಅಂಗಡಿ ಇಡಬಹುದಿತ್ತು ಕಣೇ" ಎಂದು ಅವನು ದಿನವೂ ಗೊಣಗುವನು.

"ಇಡಿ, ಯಾರು ಬೇಡ ಅಂದ್ರು? ಅಲ್ಲೂ ಕೊಸರು ಕೊಡೋಕೆ ನಾನೇ ಬರ್ತೀನಿ" ಎಂದು ಅವಳು ದಿನವೂ ಹೇಳುವಳು. ಅವರ ಸಂಸಾರ ಸುಖವಾಗಿತ್ತು.

ಶಂಕುನಾಥ ಕೆರೆಯ ದಾರಿಯನ್ನು ಅಳೆದ ದಿನ ಚೆಲುವಯ್ಯ ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಬರುತ್ತಿದ್ದ. ಕೋಲು ಬಿದ್ದಿತು, ಎದ್ದಿತು, ಬಿದ್ದಿತು. ಕೊನೆಗೆ ಸ್ವಲ್ಪ ಮಿಕ್ಕಿತು. ಆ ಸ್ವಲ್ಪದಲ್ಲಿ ಚೆಲುವಯ್ಯ ನಿಂತಿದ್ದ.

ಅಂದಿನಿಂದ ಆ ದಾರಿಯ ಬೇವಿನ ಮರವೂ ಕಲ್ಲುಕಟ್ಟೆಯೂ ಒಂದಕ್ಕೊಂದು ತಾಗಿಕೊಂಡು ನಿಂತವು. ನಡುವೆ ಇದ್ದ ನೆಲ ಇರಲಿಲ್ಲ. ಬಟ್ಟೆ ಹೊಲಿದ ಹಾಗೆ ಒಂದು ಗೆರೆ ಮಾತ್ರ. ಊರಲ್ಲಿ ಅಂಥ ಗೆರೆಗಳು ಹೆಚ್ಚುತ್ತ ಹೋದವು. ಕುಂಬಾರಗೇರಿಯಲ್ಲಿ ಒಂದು ಮನೆಯೇ ಇಲ್ಲವಾಗಿ, ಅದರ ಎಡಬಲದ ಮನೆಗಳ ಗೋಡೆಗಳು ಕೂಡಿಕೊಂಡವು. ಬಿಸಿಲು ನೆತ್ತಿಗೇರಿದಾಗ ಆ ಗೋಡೆಯೊಳಗಿಂದ ಯಾರೋ ಮೊರದಲ್ಲಿ ಅಕ್ಕಿ ಕೇರುವ ಸದ್ದು ಕೇಳುತ್ತಿತ್ತು. ಜನ ಮೊದಲ ದಿನ ಹೆದರಿದರು. ಆಮೇಲೆ, ಸಂತೆ ಹತ್ತಿರವಾಯಿತಲ್ಲ ಎಂದು ಸಮಾಧಾನಪಟ್ಟರು.

ದೇವೀರಿ ಬೇವಿನ ಬುಡದ ಗೆರೆಗೆ ಕಿವಿಯಿಟ್ಟಳು. ಒಳಗಿನಿಂದ ಚೆಲುವಯ್ಯನ ಗೊಣಗು ಕೇಳಿಸಿತು. ಮರುದಿನ ಅದೇ ಗೊಣಗು ತುಸು ತೆಳುವಾಗಿತ್ತು. ಅದರ ಮರುದಿನ ಇನ್ನೂ ತೆಳು. ದನಿ ಪೂರ್ತಿ ಸವೆದುಹೋದರೆ ಗಂಡನೂ ಹೋದಂತೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಅರಮನೆಗೆ ಓಡಿದಳು.

"ಬುದ್ಧಿ, ನನ್ನ ಯಜಮಾನರು ದಾರಿಯಲ್ಲಿ ಸಿಕ್ಕಿಕೊಂಡಿದ್ದಾರೆ."

"ಯಾವ ದಾರಿ?" ಎಂದ ರಾಜ.

"ಬೇವಿನ ಮರಕ್ಕೂ ಕಟ್ಟೆಗೂ ನಡುವಿನದು."

ರಾಜ ಹೊಸ ಅಳತೆಯ ಪಟವನ್ನು ತರಿಸಿ ನೋಡಿದ. "ಅವೆರಡರ ನಡುವೆ ಏನೂ ಇಲ್ಲವಲ್ಲಮ್ಮ. ಇಲ್ಲದ ಕಡೆ ಇರುವುದು ನಿನ್ನ ಗಂಡನದೇ ತಪ್ಪು." ಅವನ ಹೊಸ ನಿಲುವಂಗಿ ಪಾದದವರೆಗೆ ಬಂದಿತ್ತು. ಆ ಸಂತೋಷದಲ್ಲಿ ಅವನಿಗೆ ಬೇರೇನೂ ಕಾಣುತ್ತಿರಲಿಲ್ಲ.

ದೇವೀರಿ ಬುಟ್ಟಿಯಲ್ಲಿ ಒಂದು ರೊಟ್ಟಿ, ಒಂದು ಸುತ್ತು ಮಲ್ಲಿಗೆ ಇಟ್ಟುಕೊಂಡು ಶಂಕುನಾಥನ ಮನೆಗೆ ಹೊರಟಳು. ಆ ಮನೆ ಕೋಟೆಯ ಬಡಗಣ ಬಾಗಿಲಿನ ಎದುರಿಗೇ ಕಾಣುತ್ತಿತ್ತು. ಪಕ್ಕದ ಕಲ್ಲಿನ ಮೇಲೆ 'ಮೂರು ಕೋಲು' ಎಂದು ಕೆತ್ತಿತ್ತು. ಅವಳು ಮೂರು ಕೋಲು ನಡೆದಳು. ಮನೆ ಇದ್ದಲ್ಲೇ ಇತ್ತು. ಮತ್ತೆ ಮೂರು ಕೋಲು ನಡೆದಳು. ಮನೆ ಇನ್ನೂ ಅಷ್ಟೇ ದೂರ. ತಲೆ ತಗ್ಗಿಸಿ ನೋಡಿದರೆ, ಕಾಲಕೆಳಗಿನ ದಾರಿ ಒಂದೇ ದಾರಿಯಾಗಿರಲಿಲ್ಲ. ಒಂದು ಗೇಣು ಬೀದಿ, ಎರಡು ಬೆರಳು ಗದ್ದೆಯ ಬದು, ಒಂದು ಮೊಳ ಯಾರದೋ ಹೊಸಿಲು. ಹೊಸಿಲ ಮೇಲೆ ಬೆಳಗಿನ ರಂಗೋಲಿ ಅರ್ಧ ಇತ್ತು, ರಂಗೋಲಿಯ ಪುಡಿ ಉದುರಿಸುತ್ತಿದ್ದ ಎರಡು ಬೆರಳೂ ಇದ್ದವು. ನಾಡಿನಲ್ಲಿ ಕಳೆದುಹೋದ ದೂರವೆಲ್ಲ ಈ ದಾರಿಗೆ ಬಂದು ಸೇರಿತ್ತು.

ದಾರಿಗೆ ಅಡ್ಡಲಾಗಿ ಒಂದು ಕಬ್ಬಿಣದ ಉಡ ಮಲಗಿತ್ತು. ಅದರ ತಲೆ ಇಲ್ಲಿ. ಬಾಲ ಎಲ್ಲಿದೆಯೋ ಕಾಣದು.

"ನನ್ನ ಅಳತೆ ಹೇಳು, ಬಿಡುತ್ತೇನೆ. ತಪ್ಪಿದರೆ ನುಂಗುತ್ತೇನೆ" ಎಂದಿತು ಉಡ.

ದೇವೀರಿ ಬಾಲವನ್ನು ಹುಡುಕಲು ಹೋಗಲಿಲ್ಲ. ಬಾಗಿ ಅದರ ಹೊಟ್ಟೆಯನ್ನು ನೋಡಿದಳು. ತಣ್ಣಗೆ ಒಳಸೇರಿ ಬೆನ್ನಿಗಂಟಿತ್ತು.

"ಪೂರ್ತಿ ಅಳತೆ ನನಗೆ ತಿಳೀದಪ್ಪ. ಬೇಕಾದ್ದು ಮಾತ್ರ ಹೇಳ್ತೀನಿ. ದೊರೆಯಾಗಲಿ, ಇರುವೆಯಾಗಲಿ, ಹೊಟ್ಟೆ ಗೇಣುದ್ದ. ನಿಂದೂ ಅಷ್ಟೇ. ಊಟ ಮಾಡಿ ಎಷ್ಟು ದಿನ ಆಯ್ತು?"

ಉಡದ ಕಣ್ಣು ಪಿಳಪಿಳ ಎಂದಿತು. "ನನಗೆ ಹೊಟ್ಟೆ ಇದೆ ಎಂದು ಶಂಕುನಾಥ ಹೇಳಿಯೇ ಇಲ್ಲ. ಉದ್ದ ಎಷ್ಟು ಎಂದಷ್ಟೇ ಹೇಳಿದ್ದ."

ಅವಳು ರೊಟ್ಟಿ ಕೊಟ್ಟಳು. ಉಡ ತಿಂದಿತು, ತಿನ್ನುತ್ತ ತಿನ್ನುತ್ತ ಸಣ್ಣದಾಯಿತು, ಕೊನೆಗೆ ಬೇಲಿಯ ಮೇಲೆ ಹರಿದಾಡುವ ಮಾಮೂಲಿ ಉಡದಷ್ಟಾಯಿತು. ಹೋಗುವ ಮುಂಚೆ ಹೇಳಿತು:

"ತಾಯಿ, ಈ ದಾರಿಯನ್ನು ಕೋಲಿನ ಲೆಕ್ಕದಲ್ಲಿ ನಡೆದರೆ ಎಂದಿಗೂ ಮುಗಿಯದು. ಹಳೆಯ ಅಳತೆಗೆ ತಿರುಗಿಸಿಕೊ, ಮುಗಿಯುತ್ತದೆ."

ತಿರುಗಿಸುವುದು ಹೇಗೆ? ಇದು ಎಷ್ಟು ಹರಿದಾರಿ, ಎಷ್ಟು ಮಾರು? ದೇವೀರಿಗೆ ಅಂಥ ಲೆಕ್ಕ ಬಾರದು. ಬರುವುದು ಒಂದೇ, ಕೂಗುವುದು. ಕೂಗಿದ್ದು ಕೇಳಿಸಿದರೆ ಅದು ಕೂಗಳತೆ. ಅದಕ್ಕೆ ಬೇರೆ ಲೆಕ್ಕ ಬೇಡ. ಆದರೆ ಗಂಡನ ಹೆಸರು ಹಿಡಿದು ಕೂಗುವ ವಾಡಿಕೆ ಅವಳ ಕೇರಿಯಲ್ಲಿ ಇರಲಿಲ್ಲ. ಕೋಟೆಬಾಗಿಲಲ್ಲಿ ಕೂಗುವ ಹಾಗೆಯೇ ಕೂಗಿದಳು.

"ಹೂವಾ... ಮಲ್ಲಿಗೇ ಹೂವಾ..."

ಎಡಗಡೆಯಿಂದ ಚೆಲುವಯ್ಯನ ದನಿ ಬಂತು. "ಬಾ ದೇವೀರಿ, ನನ್ನ ಚಿನ್ನವೇ, ಇಲ್ಲಿದ್ದೇನೆ." ನೋಡಿದರೆ ಗಂಡನಿಲ್ಲ, ಬಿಸಿಲಲ್ಲಿ ನೆರಳಿಲ್ಲದ ಒಂದು ಕಾಗೆ. ಬಲಗಡೆಯಿಂದಲೂ ಅದೇ ದನಿ. "ಬಾ ನನ್ನ ಮಲ್ಲಿಗೆಯೇ, ನಿನ್ನನ್ನೇ ಕಾಯುತ್ತಿದ್ದೇನೆ." ಅಲ್ಲಿಯೂ ಒಂದು ಕಾಗೆ. ಹಿಂದಿನಿಂದ, ಮುಂದಿನಿಂದ, ತಲೆಯ ಮೇಲಿನಿಂದ ಅದೇ ದನಿ, ಅದೇ ಜೇನು. ದೇವೀರಿಯ ಮೈ ಜುಮ್ಮೆಂದಿತು. ಮದುವೆಯಾದಾಗಿನಿಂದ ಗಂಡ ಇಷ್ಟು ಸಿಹಿಯಾಗಿ ಮಾತಾಡಿದ್ದಿಲ್ಲ. ಅವಳು ಕದಲದೆ ನಿಂತು ಮತ್ತೆ ಕೂಗಿದಳು.

"ಹೂವಾ... ಮಲ್ಲಿಗೇ ಹೂವಾ..."

ಆಗ ಎಲ್ಲಿಂದಲೋ ನೂಲಿನ ಎಳೆಯಂಥ ದನಿಯೊಂದು ಬಂತು. "ಗಂಟಲು ಹರ್ಕೋಬೇಡ ಕಣೇ, ಕೇಳಿಸ್ತು! ಕೊಸರು ಕೊಟ್ಟು ಕೊಟ್ಟು ಬುಟ್ಟಿ ಖಾಲಿ ಮಾಡ್ಕೊಂಡು ಬಂದ್ಯಾ?"

"ಅಲ್ಲಿಗೆ ಇಲ್ಲಿಂದ ಒಂದು ಕೂಗಳತೆ!" ಎಂದಳು ದೇವೀರಿ. ಹೇಳಿದ್ದೇ ತಡ, ದಾರಿ ಕೂಗಳತೆಯಷ್ಟೇ ಆಯಿತು. ಅವಳು ನಡೆದು ಹೋಗಿ ಬಾಗಿಲು ತಟ್ಟಿದಳು.

ಒಳಗೆ ಬಟ್ಟೆಯಂಗಡಿಯ ಹಾಗೆ ನೆಲವನ್ನು ಮಡಚಿ ಮಡಚಿ ಒಟ್ಟಿದ್ದರು. ಒಂದು ಮಡಿಕೆಯಲ್ಲಿ ಅರ್ಧ ಕರು. ಇನ್ನೊಂದರಲ್ಲಿ ಅಕ್ಕಿ ಕೇರುವ ಹೆಂಗಸು. ಮೊರದಿಂದ ಹಾರಿದ ಅಕ್ಕಿ ಗಾಳಿಯಲ್ಲೇ ನಿಂತಿತ್ತು. ಎಲ್ಲಕ್ಕಿಂತ ಮೇಲಿನ ಮಡಿಕೆಯಲ್ಲಿ ಚೆಲುವಯ್ಯ ಇದ್ದ. ಅರಳಿ ಎಲೆಯಷ್ಟು ತೆಳ್ಳಗಾಗಿ, ಬುಟ್ಟಿ ಹೊತ್ತುಕೊಂಡೇ ಇದ್ದ. ಅವನ ಮೂಲಕ ಹಿಂದಿನ ಗೋಡೆ ಕಾಣುತ್ತಿತ್ತು.

"ಗಂಡ ಬೇಕೋ?" ಎಂದ ಶಂಕುನಾಥ. ಅವನ ಕೋಲು ಪಕ್ಕದಲ್ಲಿ ತಾನಾಗಿಯೇ ನಿಂತಿತ್ತು. "ನಾನು ಅನ್ಯಾಯಗಾರನಲ್ಲ, ಹೆಣ್ಣೇ. ಇವನು ನಿಂತಿರುವ ಈ ನೆಲದ ಪಟ್ಟಿ ನನ್ನ ಅಳತೆಯಲ್ಲಿ ಅರ್ಧ ಕೋಲಿಗೆ ಸ್ವಲ್ಪ ಕಡಿಮೆ. ಅದನ್ನು ನಿನ್ನ ಮೊಳಕ್ಕೆ ತಿರುಗಿಸಿ, ಅಷ್ಟೇ ಅಳೆದು ತೆಗೆದುಕೊ. ಕಡಿಮೆ ಅಳೆದರೆ ಗಂಡ ಕಡಿಮೆಯಾಗಿ ಬರುತ್ತಾನೆ. ಹೆಚ್ಚು ಅಳೆದರೆ, ಮಿಕ್ಕಿದ್ದು ನನ್ನದು."

ದೇವೀರಿ ಮಲ್ಲಿಗೆಯ ಸುತ್ತನ್ನು ಬಿಚ್ಚಿದಳು. ಮಾಲೆಯನ್ನು ಪಟ್ಟಿಯ ಉದ್ದಕ್ಕೂ ಹಿಡಿದು ಅಳೆದಳು. ಒಂದು ಮೊಳ. ಎರಡು ಮೊಳ. ಎರಡನೆಯ ಮೊಳದ ಬೆರಳ ತುದಿ ಪಟ್ಟಿಯ ತುದಿಗೆ ಸರಿಯಾಗಿ ಬಂದು ತಾಗಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ತಲೆ ನಿಲ್ಲಿಸೆಂದಿತು. ಆದರೆ ಇಷ್ಟು ವರ್ಷ ಹೂವು ಮಾರಿದ ಕೈ ತಲೆಯನ್ನು ಕೇಳುವುದುಂಟೇ? ಕೈ ತನ್ನ ಪಾಡಿಗೆ ಇನ್ನೊಂದಿಷ್ಟು ಬಿಟ್ಟಿತು, ಆಮೇಲೆ ಕಿತ್ತಿತು.

"ಅಯ್ಯೋ!" ಎಂದಳು ದೇವೀರಿ.

"ಅಯ್ಯೋ!" ಎಂದ ಮಡಿಕೆಯೊಳಗಿನ ಚೆಲುವಯ್ಯ. "ಇಲ್ಲೂನಾ?"

"ಹೆಚ್ಚಾಯಿತು!" ಎಂದು ಶಂಕುನಾಥ ಕೈತಟ್ಟಿದ. "ಇದು ಏನು?"

"ಕೊಸರು, ಸ್ವಾಮಿ."

"ಯಾರ ಲೆಕ್ಕದ್ದು?"

"ಯಾರ ಲೆಕ್ಕದ್ದೂ ಅಲ್ಲ. ಲೆಕ್ಕ ಮುಗಿದ ಮೇಲೆ ಕೊಡೋದು."

"ಹಾಗಾದರೆ ಮಿಕ್ಕಿದ್ದು. ಮಿಕ್ಕಿದ್ದು ನನ್ನದು." ಅವನು ಆ ತುಂಡು ಮಲ್ಲಿಗೆಯನ್ನು ಕಿತ್ತುಕೊಂಡು ತನ್ನ ಜಟೆಯ ಮೇಲೆ ಮುಡಿದುಕೊಂಡ.

ಈವರೆಗೆ ಸರಿಯಾಗಿ ಒಂದು ಕೋಲಿನಷ್ಟಿದ್ದವನು ಈಗ ಒಂದು ಕೋಲು ಮತ್ತೆ ಸ್ವಲ್ಪ ಆದ.

ಪಕ್ಕದಲ್ಲಿದ್ದ ಕಬ್ಬಿಣದ ಕೋಲು ಮೆಲ್ಲಗೆ ಅವನತ್ತ ಸರಿಯಿತು. ಯಜಮಾನ ಬೇರೆ, ದಾರಿ ಬೇರೆ ಎಂಬ ಭೇದ ಅದಕ್ಕಿರಲಿಲ್ಲ. ಅವನ ಅಂಗಾಲಿನಿಂದ ಮಲ್ಲಿಗೆಯ ತುದಿಯವರೆಗೆ ಅಳೆಯಿತು. ಸರಿಹೋಗಲಿಲ್ಲ. ಇದರಲ್ಲಿ ಕೋಲು ಯಾವುದು, ಮಿಕ್ಕಿದ್ದು ಯಾವುದು ಎಂದು ತೀರ್ಮಾನಿಸಬೇಕಿತ್ತು. ಕೋಲು ಬಹಳ ಯೋಚಿಸಲಿಲ್ಲ. ಕೋಲು ಎಂದರೆ ತಾನು. ಮಿಕ್ಕಿದ್ದು ಇವನು.

ಶಂಕುನಾಥ "ತಡೆ" ಎನ್ನಲು ಬಾಯಿ ತೆರೆದ. ಬಾಯಿ ತೆರೆದ ಹಾಗೆಯೇ ಅವನ ತಲೆ ಪಂಚೆಯ ಅಂಚಿನಂತೆ ಮಡಚಿಕೊಂಡಿತು. ಆಮೇಲೆ ಭುಜ, ಆಮೇಲೆ ಎದೆ, ಆಮೇಲೆ ಮಂಡಿ. ರಕ್ತವಿಲ್ಲ, ಕೂಗಿಲ್ಲ. ನೆಲದ ಮೇಲೆ ಹೊಲಿದಂಥ ಒಂದು ಗೆರೆ ಉಳಿಯಿತು. ಗೆರೆಯ ಮೇಲೆ ತುಂಡು ಮಲ್ಲಿಗೆ. ಕೋಲು ಠಣ್ಣನೆ ಬಿತ್ತು.

ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಗಾಳಿಯಲ್ಲಿ ನಿಂತಿದ್ದ ಅಕ್ಕಿ ಮೊರಕ್ಕೆ ಬಿತ್ತು. ಕರು ಉಳಿದರ್ಧವನ್ನು ಕೂಡಿಕೊಂಡು ಅಂಬಾ ಎಂದಿತು. ಚೆಲುವಯ್ಯ ಉಸಿರೆಳೆದುಕೊಂಡ, ಎದೆ ತುಂಬಿತು, ಹೊಟ್ಟೆ ತುಂಬಿತು, ಕೊನೆಗೆ ಅವನ ಕಾಲಬುಡದಲ್ಲಿ ಪುಟ್ಟ ನೆರಳು ಮೂಡಿತು. ದೇವೀರಿ ಮೊದಲು ಆ ನೆರಳನ್ನು ನೋಡಿದಳು, ಆಮೇಲೆ ಅತ್ತಳು.

ಬೇವಿನ ಮರ ಕಟ್ಟೆಯಿಂದ ದೂರ ಸರಿಯಿತು. ಕುಂಬಾರಗೇರಿಯ ಮನೆ ಮತ್ತೆ ನಡುವೆ ಬಂದು ನಿಂತಿತು. ರಾಜ ಹಳೆಯ ಅಳತೆಗಳನ್ನು ಮರಳಿ ತಂದ, ನಿಲುವಂಗಿಯನ್ನು ಮಂತ್ರಿಯ ಮೊಳದಲ್ಲಿ ಅಳೆಸುವಷ್ಟು ಬುದ್ಧಿಯನ್ನೂ ಕಲಿತ. ಸಂತೆ ಮತ್ತೆ ದೂರವಾಯಿತೆಂದು ಜನ ಒಂದಿಷ್ಟು ಕಾಲ ದೇವೀರಿಯನ್ನು ಬೈದುಕೊಂಡೇ ನಡೆದರು. ಆಮೇಲೆ ನಡೆದು ನಡೆದು ಗಟ್ಟಿಯಾಗಿ, ಸುಖವಾಗಿ ಬಾಳಿದರು. ಕೋಲನ್ನು ಅರಮನೆಯ ಮೂಲೆಯಲ್ಲಿ ಅಡ್ಡ ಮಲಗಿಸಿದರು. ಅದರ ಪಕ್ಕ ಯಾರೂ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ದೇವೀರಿ ಕೋಟೆಬಾಗಿಲಲ್ಲಿ ಮತ್ತೆ ಹೂವಿಗೆ ಕೂತಳು. ಮೊದಲ ದಿನ ಒಬ್ಬಳು ಮೊಳ ಹೂವು ಕೇಳಿದಾಗ, ಅವಳು ಅಳೆದು, ವಾಡಿಕೆಯಂತೆ ಕೊಸರು ಬಿಟ್ಟು, ಗಂಡನ ಗೊಣಗಿಗಾಗಿ ಕಾದಳು. ಗೊಣಗು ಬರಲಿಲ್ಲ. ತಿರುಗಿ ನೋಡಿದರೆ ಚೆಲುವಯ್ಯ ಆ ತುಂಡು ಕೊಸರನ್ನೇ ದಿಟ್ಟಿಸುತ್ತಿದ್ದ.

"ಇನ್ನೂ ಸ್ವಲ್ಪ ಬಿಡೇ" ಎಂದ ಅವನು. "ಒಬ್ಬರು ನಿಂತ್ಕೊಳ್ಳೋವಷ್ಟಾದ್ರೂ ಜಾಗ ಇರಲಿ."