ದಂಡೆಯ ಮೇಲಿನ ಪಾಚಿ ರಾಶಿ

"ಸ್ವಲ್ಪ ನೋಡ್ಕೊಂಡು ತಳ್ಳೋ. ದಾರಿ ತುಂಬ ಕೆಸರು ಚೆಲ್ತಿದೆ" ಎಂದು ಚೊಕ್ಕಿ ಹಿಂದಿನಿಂದ ಕೂಗಿದಳು.

ಅಣ್ಣ ಕೈಗಾಡಿ ನಿಲ್ಲಿಸಿ ಸೊಂಟ ಹಿಡಿದುಕೊಂಡ. "ಹಾಗಾದ್ರೆ ನೀನೇ ತಳ್ಳು. ನಾನು ಹಿಂದೆ ನಿಂತು ಆರ್ಡರ್ ಮಾಡ್ತೀನಿ."

"ಇದೊಂದೇ ಲೋಡು ಕಣೋ. ಪ್ಲೀಸ್."

ಗಾಡಿಯಲ್ಲಿ ಒದ್ದೆ ಪಾಚಿ, ಜೊಂಡು, ಕೊಳೆತ ಎಲೆ ತುಂಬಿ ತುಳುಕುತ್ತಿತ್ತು. ಊರ ಕೊಳದ ದಂಡೆಯ ಮೇಲೆ ಬಿದ್ದಿದ್ದ ರಾಶಿಯನ್ನೆಲ್ಲ ಇಬ್ಬರೂ ಸೇರಿ ತಾತನ ತರಕಾರಿ ಮಡಿಗಳಿಗೆ ಸಾಗಿಸುತ್ತಿದ್ದರು. ಸಂಜೆ ಸೈನ್ಸ್ ಮಿಸ್ ಬಂದು ನೋಡಿದಾಗ ಖುಷಿಯಾಗಬೇಕು, ಚೊಕ್ಕಿಗೆ ಬೇಕಾಗಿದ್ದು ಅಷ್ಟೇ.

ಚೊಕ್ಕಿ ಎನ್ನುವುದು ಅವಳ ನಿಜವಾದ ಹೆಸರಲ್ಲ. ಆದರೆ ಪೆನ್ಸಿಲ್ ಹೆರೆದರೆ ಒಂದೊಂದು ಸಿಪ್ಪೆಯನ್ನೂ ಹೆಕ್ಕಿ ಬುಟ್ಟಿಗೆ ಹಾಕುವ ಹುಡುಗಿಯನ್ನು ಇನ್ನೇನೆಂದು ಕರೆಯುವುದು? ಮನೆಗೆ ಬಂದ ನೆಂಟರ ಚಪ್ಪಲಿಗಳನ್ನು ಅವಳು ಎಷ್ಟು ಚೆನ್ನಾಗಿ ಎತ್ತಿಡುತ್ತಿದ್ದಳೆಂದರೆ, ಹೊರಡುವಾಗ ಪಾಪ, ಅವರು ಮನೆಯೆಲ್ಲ ಹುಡುಕಬೇಕಾಗುತ್ತಿತ್ತು.

ಆ ಕೊಳ ಮೊದಲು ನೋಡುವಂತಿರಲಿಲ್ಲ. ಪ್ಲಾಸ್ಟಿಕ್ ಕವರು, ಒಡೆದ ಬಕೆಟ್ಟು, ಹಳೇ ಟೈರು, ಏನಿಲ್ಲ ಕೇಳಿ ಅದರಲ್ಲಿ. ಮಿಸ್ ಮತ್ತು ಮಕ್ಕಳು ಭಾನುವಾರಗಳಲ್ಲಿ ಬಂದು ಅದನ್ನೆಲ್ಲ ಎತ್ತಿ ಹಾಕಿದ ಮೇಲೆ ಕಪ್ಪೆಗಳು ಮೆಲ್ಲಗೆ ವಾಪಸು ಬಂದಿದ್ದವು. ಒಂದು ಮಿಂಚುಳ್ಳಿಯೂ ಬಂದು ಕೂರುತ್ತಿತ್ತು. ಆದರೆ ಪಾಚಿ ಹೆಚ್ಚಾಗಿ ನೀರಿಗೆ ಬಿಸಿಲೇ ತಾಗುತ್ತಿರಲಿಲ್ಲ. ಹಾಗಾಗಿ ಅಂದು ಬೆಳಿಗ್ಗೆ ಎಲ್ಲರೂ ಉದ್ದ ಕೋಲಿನ ಕೊಕ್ಕೆಗಳಿಂದ ಅರ್ಧದಷ್ಟು ಪಾಚಿಯನ್ನು ದಂಡೆಗೆ ಎಳೆದು ಹಾಕಿದ್ದರು.

ಕೊನೆಯಲ್ಲಿ ಮಿಸ್ ಎಲ್ಲರನ್ನೂ ಕೂರಿಸಿಕೊಂಡು ಏನೋ ಹೇಳಿದ್ದರು. ಅಣ್ಣ ಬೆಳಿಗ್ಗೆ ಬಂದೇ ಇರಲಿಲ್ಲ, ಚೊಕ್ಕಿ ಆಗ ದೂರದ ನಲ್ಲಿಯ ಹತ್ತಿರ ಕೊಕ್ಕೆ ತೊಳೆಯುತ್ತಿದ್ದಳು. ಕೆಸರಾದ ಸಾಮಾನು ಕಣ್ಣಿಗೆ ಬಿದ್ದರೆ ಅವಳಿಗೆ ಬೇರೇನೂ ಕಿವಿಗೆ ಬೀಳುವುದಿಲ್ಲ.

ಕೊನೆಯ ಲೋಡನ್ನೂ ತಾತನಿಗೆ ಮುಟ್ಟಿಸಿ ಬಂದು ಅವಳು ದಂಡೆಯನ್ನು ಗುಡಿಸಿದಳು. ಒಂದು ಎಲೆಯೂ ಉಳಿಯಲಿಲ್ಲ.

ಅಷ್ಟರಲ್ಲಿ ಮಿಸ್ ಸೈಕಲ್ಲಿನಲ್ಲಿ ಬಂದರು. ಇಳಿದವರು ಇಳಿದಲ್ಲೇ ನಿಂತರು.

"ಇಲ್ಲಿದ್ದ ರಾಶಿ ಎಲ್ಲಿ?"

"ತಾತನ ತೋಟಕ್ಕೆ ಹಾಕಿದ್ವಿ ಮಿಸ್. ಗೊಬ್ಬರ ಆಗುತ್ತೆ. ನೋಡಿ, ಎಷ್ಟು ನೀಟಾಗಿದೆ" ಎಂದಳು ಚೊಕ್ಕಿ.

ಮಿಸ್ ನೀಟಾಗಿದೆ ಅನ್ನಲಿಲ್ಲ. ಸೈಕಲ್ಲನ್ನು ಮರಕ್ಕೆ ಒರಗಿಸಿ ಅವಳ ಹತ್ತಿರ ಬಂದರು.

"ಬೆಳಿಗ್ಗೆ ನಾನು ಹೇಳಿದ್ದು ಕೇಳಿಸ್ಕೊಳ್ಲಿಲ್ವಾ? ಅದು ಬರೀ ಪಾಚಿ ಅಲ್ಲ ಪುಟ್ಟಿ. ಅದರೊಳಗೆ ಬಸವನಹುಳು, ಗೊದಮೊಟ್ಟೆ, ನೀರು ಜೀರುಂಡೆ, ಎಷ್ಟೊಂದು ಸಂಸಾರ ಇದೆ. ನಾವು ಮನೆ ಸಮೇತ ಎಳೆದು ಹಾಕಿದೀವಿ. ರಾಶೀನ ನೀರಿನ ಅಂಚಲ್ಲೇ ಎರಡು ದಿನ ಬಿಟ್ರೆ, ಆದಷ್ಟು ಜೀವ ತೆವಳ್ಕೊಂಡು ವಾಪಸ್ ಇಳೀತಾವೆ. ಆಮೇಲೆ ಗೊಬ್ಬರ."

ಮಡಿಗಳ ಮೇಲೆ ಇಷ್ಟು ಹೊತ್ತು ಬಿಸಿಲಿನಲ್ಲಿ ಒಣಗಿದ ಪಾಚಿ ಚೊಕ್ಕಿಯ ಕಣ್ಣ ಮುಂದೆ ಬಂತು. ಅವಳು ಪೊರಕೆಯನ್ನು ಅಲ್ಲೇ ಎಸೆದು ಓಡಿದಳು. ಚೊಕ್ಕಿ ಪೊರಕೆ ಎಸೆದಿದ್ದನ್ನು ಅಣ್ಣ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವನೂ ಗಾಡಿ ತಳ್ಳಿಕೊಂಡು ಹಿಂದೆಯೇ ಓಡಿದ.

ತೋಟದಲ್ಲಿ ತಾತ ಗುದ್ದಲಿ ಎತ್ತಿದ್ದ. ಒಂದು ಮಡಿಗೆ ಆಗಲೇ ಮಣ್ಣು ಮುಚ್ಚಿದ್ದಾಗಿತ್ತು.

"ತಾತ, ನಿಲ್ಸು. ಮುಚ್ಬೇಡ, ಎಲ್ಲಾ ವಾಪಸ್ ಬೇಕು."

"ಇದೊಳ್ಳೆ ಕತೆ ಆಯ್ತಲ್ಲ. ಕೊಟ್ಟ ಗೊಬ್ಬರ ವಾಪಸ್ ಕೇಳೋರನ್ನ ಇವತ್ತೇ ನೋಡಿದ್ದು" ಎಂದು ತಾತ ನಗಲು ಹೊರಟ. ಮೊಮ್ಮಗಳ ಕಣ್ಣು ತುಂಬಿದ್ದು ಕಂಡು ಗುದ್ದಲಿ ಕೆಳಗಿಟ್ಟ.

ಚೊಕ್ಕಿ ಮಂಡಿಯೂರಿ ಪಾಚಿಯನ್ನು ಬಿಡಿಸತೊಡಗಿದಳು. ಮೇಲಿನ ಪದರ ಒಣಗಿ ಗರಿಗರಿಯಾಗಿತ್ತು. ಅದರ ಕೆಳಗೆ ಒಂದು ಗೊದಮೊಟ್ಟೆ ಸಿಕ್ಕಿತು. ಅಂಗೈ ಮೇಲಿಟ್ಟು ನೀರು ಚಿಮುಕಿಸಿದರೂ ಅದು ಅಲ್ಲಾಡಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ.

"ಮಿಸ್, ಇದು..."

"ಅದು ಹೋಯ್ತು ಪುಟ್ಟಿ" ಎಂದರು ಹಿಂದೆಯೇ ಬಂದಿದ್ದ ಮಿಸ್. ಅವರ ದನಿಯಲ್ಲೂ ಬೇಸರವಿತ್ತು. "ಮುಂದಿನದು ನೋಡು. ಒಳಗಡೆ ಇನ್ನೂ ಒದ್ದೆ ಇದೆ."

ತಾತ ಬಕೆಟ್ಟಿನಲ್ಲಿ ನೀರು ತಂದಿಟ್ಟ. ಎಲ್ಲರೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಒಂದೊಂದೇ ಎಳೆ ಬಿಡಿಸಿದರು. ಮುದುಡಿ ಕೂತಿದ್ದ ಬಸವನಹುಳುಗಳು ಸಿಕ್ಕವು. ಕಪ್ಪು ಜೀರುಂಡೆಯೊಂದು ಬಕೆಟ್ಟಿಗೆ ಬಿದ್ದದ್ದೇ ತಡ, ಸರ್ರನೆ ತಳಕ್ಕೆ ಈಜಿತು. ಅಣ್ಣನ ಕೈಗೆ ಕಂದು ಬಣ್ಣದ, ಆರು ಕಾಲಿನ, ನೋಡಲು ಅಷ್ಟೇನೂ ಚಂದವಿಲ್ಲದ ಹುಳುವೊಂದು ಬಂತು.

"ಇದ್ಯಾವ್ದಪ್ಪಾ ಭೂತ?"

"ಏರೋಪ್ಲೇನ್ ಚಿಟ್ಟೆ ಮರಿ. ರೆಕ್ಕೆ ಬರೋ ತನಕ ನೀರಲ್ಲೇ ಇರುತ್ತೆ" ಎಂದರು ಮಿಸ್.

ಅಣ್ಣ ಅದನ್ನು ಬಕೆಟ್ಟಿಗೆ ಬಿಟ್ಟ. ಯಾರೂ ನೋಡುತ್ತಿಲ್ಲವೆಂದುಕೊಂಡು ಕೈಯನ್ನು ಅಂಗಿಗೆ ಒರೆಸಿಕೊಂಡ.

ಮಣ್ಣು ಮುಚ್ಚಿದ್ದ ಮಡಿಯನ್ನೂ ತಾತ ಕೈಯಲ್ಲೇ ಕೆದಕಿ ತೆಗೆದುಕೊಟ್ಟ. ರಾಶಿಯೆಲ್ಲ ಮತ್ತೆ ಗಾಡಿ ಹತ್ತಿತು. "ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದ್ದು ನೀನು, ಉಣ್ತಿರೋದು ನಾನು" ಎಂದು ಅಣ್ಣ ದಾರಿಯುದ್ದಕ್ಕೂ ಗೊಣಗಿದ. ಆದರೆ ಒಂದು ಸಲವೂ ಗಾಡಿ ನಿಲ್ಲಿಸಲಿಲ್ಲ. ಕೆಸರು ಚೆಲ್ಲುತ್ತಿತ್ತು, ಈ ಸಲ ಚೊಕ್ಕಿ ತುಟಿ ಪಿಟಕ್ಕೆನ್ನಲಿಲ್ಲ.

ನೀರಿನ ಅಂಚಿಗೆ ರಾಶಿ ಹಾಕಿ, ಬಕೆಟ್ಟನ್ನು ಮೆಲ್ಲಗೆ ಕೊಳಕ್ಕೆ ಬಗ್ಗಿಸಿ ಮುಗಿಸುವಷ್ಟರಲ್ಲಿ ಕತ್ತಲಾಗುತ್ತ ಬಂದಿತ್ತು. ಚೊಕ್ಕಿ ಮಿಸ್‌ನ ಮುಖ ನೋಡದೆ ಕೇಳಿದಳು. "ಮಿಸ್, ನಾನು ಇನ್ಮೇಲೆ ಕೊಳದ ಹತ್ರ ಬರ್ಲಾ, ಬೇಡ್ವಾ?"

"ಬರದೆ ಇದ್ರೆ ಹೇಗೆ? ನಾಳೆ ಸ್ಕೂಲಿಗೆ ಮುಂಚೆ ಬಂದು ಈ ರಾಶಿ ಕಾಯಬೇಕು. ಯಾರಾದ್ರೂ ಕ್ಲೀನ್ ಮಾಡಿಬಿಟ್ಟಾರು."

ಚೊಕ್ಕಿಗೆ ನಗು ಬಂತು. ನಗುವಾಗಲೂ ಆ ಗೊದಮೊಟ್ಟೆಯ ನೆನಪು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಯೂನಿಫಾರ್ಮಿನಲ್ಲೇ ಬಂದು ದಂಡೆಯ ಕಲ್ಲಿನ ಮೇಲೆ ಕೂತಳು. ರಾಶಿಯಿಂದ ಪಾಚಿಯ ಎಳೆಯೊಂದು ಕಾಲುದಾರಿಗೆ ಚಾಚಿಕೊಂಡಿತ್ತು. ಸರಿಸೋಣವೆಂದು ಕೈ ತಾನಾಗಿಯೇ ಮುಂದೆ ಹೋಯಿತು. ಎಳೆಯ ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಚಿಕ್ಕ ಬಸವನಹುಳುವೊಂದು ಅಂಟಿಕೊಂಡಿತ್ತು. ಚೊಕ್ಕಿ ಕೈ ಹಿಂದಕ್ಕೆ ತೆಗೆದುಕೊಂಡಳು.

ಬಟ್ಟೆಯ ಗಂಟು ಹೊತ್ತು ಟೈಲರ್ ಅಜ್ಜಿ ಆ ದಾರಿಯಲ್ಲಿ ಬಂದರು.

"ಏನೇ ಇದು? ನಿನ್ನೆ ನೋಡಿದ್ರೆ ಕನ್ನಡಿ ಇದ್ದಂಗಿತ್ತು. ಯಾರು ತಂದು ಸುರಿದ್ರು ಈ ಕಸಾನ?"

"ನಾನೇ ಅಜ್ಜಿ."

"ನೀನಾ? ಚೊಕ್ಕೀನಾ?" ಅಜ್ಜಿ ಗಂಟು ಕೆಳಗಿಳಿಸಿದರು. "ಮೈ ಹುಷಾರಿದೆ ತಾನೇ?"

"ಇನ್ನೂ ಇಳೀತಿದಾರೆ ಅಜ್ಜಿ."

"ಯಾರು?"

ಚೊಕ್ಕಿ ಕಲ್ಲಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಅಜ್ಜಿ ಕೂತು, ಸೂಜಿಗೆ ದಾರ ಪೋಣಿಸುವಾಗಿನಂತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಏನೂ ಕಾಣಲಿಲ್ಲ. ಆಮೇಲೆ ಒಂದು ಕಡೆ ಪಾಚಿ ಅಲ್ಲಾಡಿತು. ಜೀರುಂಡೆಯೊಂದು ಎಡವುತ್ತ, ಮುಗ್ಗರಿಸುತ್ತ ಅಂಚಿನ ತನಕ ಬಂದು ಪುಳಕ್ಕನೆ ನೀರಿಗೆ ಬಿತ್ತು.

ಚೊಕ್ಕಿ ಏನೋ ವಿವರಿಸಲು ಬಾಯಿ ತೆರೆದಾಗ ಅಜ್ಜಿ ಅವಳ ತೊಡೆಯ ಮೇಲೆ ಕೈಯಿಟ್ಟು ತಡೆದರು.

"ಸುಮ್ನಿರೇ. ಇನ್ನೊಂದು ಬರ್ತಿದೆ."

ಸ್ಕೂಲಿಗೆ ಇನ್ನೂ ಹೊತ್ತಿತ್ತು. ಚೊಕ್ಕಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಸುಮ್ಮನೆ ಕೂರುವುದೂ ಒಂದು ಕೆಲಸವೆಂದು ಆ ಕೈಗಳಿಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.