ಹೊಸ್ತಿಲಲ್ಲಿ ಉಳಿದ ಹೆಸರು

ಪ್ರೀತಿ ಬಡಿಯುತ್ತಿದ್ದ ರೊಟ್ಟಿ ಅರ್ಧಕ್ಕೇ ನಿಂತಿತು. ಪಡಸಾಲೆಯಲ್ಲಿ ಅಜ್ಜಿಯ ಕಥೆಯನ್ನು ಮೊಬೈಲಿನಲ್ಲಿ ತುಂಬಿಕೊಳ್ಳುತ್ತಿದ್ದ ಗಂಡ ಬಸವಕುಮಾರನ ದನಿ ಏರಿತ್ತು.

"ಆಯಿ, ಮುತ್ಯಾನ ಹೆಸರ ಹೇಳ. ಸೋಲಾಪುರದ ನಮ್ಮ ಮಂದಿಗೆ ಕಳಸಬೇಕು ಇದನ್ನ. ಬರೇ 'ಅವರು, ಅವರು' ಅಂದ್ರ ಹುಡುಗರಿಗೆ ಏನ್ ತಿಳೀತೈತಿ?"

"ಗಂಡನ ಹೆಸರ ಹಂಗ ಹ್ಯಾಂಗ ಹೇಳ್ಲೋ? ನೀನ ಹೇಳ್ಕೊ," ಎಂದಳು ಅವನ ಅಜ್ಜಿ ಇಂದ್ರವ್ವ.

"ನಾ ಹೇಳಿದ್ರ ಅದು ನಿನ್ನ ಕಥಿ ಆಗೂದಿಲ್ಲ."

ತೀರಿಕೊಂಡ ಅಜ್ಜ, ಮುತ್ಯಾ, ತೇರದಾಳದಿಂದ ಬನಹಟ್ಟಿಗೆ ಕೈಮಗ್ಗದ ಕಟ್ಟಿಗೆ ಹೊತ್ತು ನಡೆದು ಬಂದ ಕಥೆ ಅದು. ಆಯಿ ಹೇಳುತ್ತಿದ್ದರೆ ಆ ದಾರಿಯ ಬಿಸಿಲು ಕೇಳುವವರ ಬೆನ್ನಿಗೂ ತಾಗುತ್ತಿತ್ತು. ಆದರೆ ಮೊಬೈಲಿನಲ್ಲಿ ತುಂಬಿಕೊಂಡಷ್ಟೂ ಕಥೆಯಲ್ಲಿ ಮುತ್ಯಾನ ಹೆಸರೇ ಇಲ್ಲ...

ಆಯಿ ಮುನಿಸಿಕೊಂಡು ಹೊರಗಿನ ಕಟ್ಟೆಗೆ ಹೋದಳು.

"ಈ ಮನ್ಯಾಗ ಹೆಂಗಸರ ಬಾಯಾಗ ಗಂಡನ ಹೆಸರ ಬರೂದ ಇಲ್ಲ ಬಿಡು," ಎಂದ ಬಸವಕುಮಾರ, ಅಡುಗೆಮನೆಯ ಕಡೆ ನೋಡಿ.

ಪ್ರೀತಿಗೆ ಚುಚ್ಚಿತು. ಮದುವೆಯಾಗಿ ಬಂದ ದಿನ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಂತು, ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಕಟ್ಟಿ ಒಡಪು ಹೇಳೆಂದಿದ್ದರು. ಅವಳು ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದಳು. ಅಂದಿನಿಂದ ಬಸವಕುಮಾರ ಅವಳೊಡನೆ ನೆಂಟರ ಜೊತೆ ಮಾತಾಡಿದಂತೆ ಮಾತಾಡುತ್ತಿದ್ದ.

ಹೊಸ್ತಿಲು... ಒಡಪು... ಒಡಪಿನಲ್ಲಾದರೆ ಹೆಂಡತಿ ಗಂಡನ ಹೆಸರು ಹೇಳಬಹುದು.

ಅವಳು ಹಂಚಿನ ಮೇಲಿದ್ದ ರೊಟ್ಟಿಯನ್ನೂ ಮರೆತು, ಕೈ ಕೊಡವಿಕೊಂಡು, ತಲೆಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು. ಒಳಗೆ ಬರಲು ಎದ್ದ ಆಯಿ ಕಣ್ಣರಳಿಸಿದಳು.

"ಸರಿಯ ಬೇ."

"ಹೆಸರ ಹೇಳಿದ್ರ ಬಿಡ್ತೀನ್ರಿ, ಆಯಿ."

ಇಂದ್ರವ್ವ ನಕ್ಕಳು. ಆಮೇಲೆ ನಗು ಮೆಲ್ಲಗೆ ಆರಿತು.

"ಅವರು ಹೋದ ಮ್ಯಾಲ ನನ್ನ ಯಾರೂ ಒಡಪ ಕೇಳಿಲ್ಲವ್ವಾ."

"ನಾ ಕೇಳಾಕತ್ತೇನ್ರಿ."

ಆಯಿ ಸೆರಗು ಸರಿಮಾಡಿಕೊಂಡಳು. ಹೊಸ ಸೊಸೆಯಂತೆ ನೆಲ ನೋಡಿದಳು.

"ಮಗ್ಗದ ಮನಿ ಮುಂದ ಒಣಗತೈತಿ ನೂಲಿನ ಲಡಿ... ಮುರಗೆಪ್ಪನವರು ಕಾಯಾಕತ್ತಾರ, ದಾರಿ ಬಿಡಿ."

ಪ್ರೀತಿ ದಾರಿ ಬಿಟ್ಟಳು. ಅವಳ ಹಿಂದೆ ಬಸವಕುಮಾರ ಮೊಬೈಲ್ ಹಿಡಿದು ನಿಂತಿದ್ದ. ಅವನ ಕಣ್ಣು ತುಂಬಿತ್ತು.

"ನಿನ್ನದು ಬಾಕಿ ಐತಿ ನೋಡ," ಎಂದು ಅವಳ ಗಲ್ಲ ಹಿಂಡಿ ಆಯಿ ಒಳಗೆ ನಡೆದಳು.

ಇಬ್ಬರೇ ಉಳಿದರು.

"ಅವತ್ತ ಯಾಕ ಸುಮ್ನ ನಿಂತಿದ್ದಿ?" ಅವನು ಮೆಲ್ಲಗೆ ಕೇಳಿದ. "ನನ್ನ ಮ್ಯಾಲ ಮನಸಿಲ್ಲ ಅಂತ ತಿಳಕೊಂಡಿದ್ದೆ."

"ನಮ್ಮವ್ವ ಸಾಯೂ ಮೊದಲ ಕಲಿಸಿದ ಒಡಪ ಬಾಯಾಗ ಇತ್ರಿ. ಕೇಳಾಕ ಆಕಿನ ಇರಲಿಲ್ಲ... ಬಾಯಿ ತೆರದ್ರ ಅಳು ಬರ್ತಿತ್ತು."

"ನನಗರ ಹೇಳಬಾರದಿತ್ತೇನು?"

"ನೀವು ಕೇಳಲಿಲ್ಲಲ್ರಿ."

ಅವನು ಅವಳ ಕೈ ಹಿಡಿದ. ಬೆರಳ ಸಂದಿಯಲ್ಲಿ ಇನ್ನೂ ಹಿಟ್ಟಿತ್ತು.

"ತಪ್ಪಾತು," ಎಂದ. ಆಮೇಲೆ ಮೂಗು ಅರಳಿಸಿ, "ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತೈತಿ."

"ಅಯ್ಯ..."

"ಹೊತ್ತಿದ್ದು ನನಗ ಹಾಕು."

ನಗುತ್ತಲೇ ಅವಳು ಒಲೆಯ ಮುಂದೆ ಬಂದು ಕುಳಿತಳು. ನಾಳೆ ಇಬ್ಬರೂ ಮುಧೋಳಕ್ಕೆ ಹೋಗಿ ಬರುವುದಿತ್ತು. ತಿರುಗಿ ಬಂದಾಗ ಬಾಗಿಲಿಗೆ ಯಾರೂ ಅಡ್ಡ ನಿಲ್ಲುವುದಿಲ್ಲ.

ನಾನೇ ಹೊಸ್ತಿಲಲ್ಲಿ ನಿಲ್ಲುತ್ತೇನೆ. ಅವ್ವ ಕಲಿಸಿದ್ದನ್ನು, ಅವರ ಹೆಸರು ಕಟ್ಟಿ, ಹೇಳಿಯೇ ಒಳಗೆ ಕಾಲಿಡುತ್ತೇನೆ.

ಇದನ್ನು ಯಾರಿಗೂ ಹೇಳದೆ, ಅರ್ಧಕ್ಕೆ ನಿಂತಿದ್ದ ರೊಟ್ಟಿಯನ್ನು ಅವಳು ಮತ್ತೆ ಬಡಿಯತೊಡಗಿದಳು.